ಕುಡಿತ ಬಿಡಿಸುವ ಸೂಜಿ

ಸಂಗ್ರೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಸರದಿ ಇನ್ನೂ ದೂರವಿತ್ತು. ಪಕ್ಕದ ಬೆಂಚಿನಲ್ಲಿ ಲಾರಿ ಓಡಿಸುವ ನಛತ್ತರ್ ಸಿಂಗ್, ಅವನ ಹೆಂಡತಿ ಜಸ್ಮೇಲ್ ಅವನ ರಕ್ತಪರೀಕ್ಷೆಯ ಚೀಟಿ ಹಿಡಿದು ಕೂತಿದ್ದರು.

"ನೋಡ್ದೆಯಾ? ಹದಿನೈದು ವರ್ಷ ಶರಾಬು ಶರಾಬು ಅಂತ ಬೈದೆ. ಡಾಕ್ಟ್ರು ನೋಡಿದ್ರೆ ಲಿವರ್ ಕೆಡ್ಸಿದ್ದು ವೈರಸ್ ಅಂತಿದಾರೆ."

"ಎರಡೂ ಅಂದ್ರು. ಕುಡಿದು ಕೆಟ್ಟಿದ್ದ ಲಿವರ್ ಮೇಲೆ ಇದೂ ಬಂದು ಕೂತಿದೆಯಂತೆ."

"ಮೂರು ತಿಂಗಳು ಮಾತ್ರೆ ನುಂಗಿದ್ರೆ ಹೋಗುತ್ತಂತಲ್ಲ."

"ವೈರಸ್ ಹೋಗುತ್ತೆ. ಬಾಟ್ಲಿ ಹೋಗುತ್ತಾ, ಸರ್ದಾರ್‌ಜಿ?"

ಅವನು ನಕ್ಕ. ಅವಳು ನಗಲಿಲ್ಲ.

"ಒಂದೇ ಸೂಜೀಲಿ ಎಲ್ಲರಿಗೂ ಚುಚ್ಚಿದ್ರೆ ಈ ವೈರಸ್ ಬರುತ್ತಂತೆ. ಸೂಜಿ ಚುಚ್ಚಿ ಕುಡಿತ ಬಿಡಿಸ್ತಾನೆ ಅಂತ ಆ ನಕಲಿ ಡಾಕ್ಟ್ರ ಹತ್ರ ನಿಮ್ಮನ್ನ ಎಳ್ಕೊಂಡು ಹೋದೋಳು ನಾನೇ. ಹನ್ನೊಂದು ಸಲ."

ಅವನು ಅಂಗಿಯ ತೋಳು ಮೇಲೇರಿಸಿದ. "ಈ ಹಚ್ಚೆ ನೋಡು. ಜಾತ್ರೇಲಿ ಹಾಕಿಸ್ಕೊಂಡಿದ್ದು, ಅಲ್ಲೂ ಎಲ್ಲರಿಗೂ ಒಂದೇ ಸೂಜಿ. ಇದರಿಂದ್ಲೇ ಬಂದಿರೋದು."

"ಅದು ಮದುವೆಗೆ ಮುಂಚಿಂದು."

"ಹಾಗಾದ್ರೆ ವೈರಸ್ಸೂ ಮುಂಚಿಂದೇ. ನಿಂದೇನೂ ತಪ್ಪಿಲ್ಲ, ಸುಮ್ನಿರು."

ನರ್ಸ್ ಬಾಗಿಲಿಗೆ ಬಂದಳು. "ಜಸ್ಮೇಲ್ ಕೌರ್, ರಕ್ತಪರೀಕ್ಷೆಗೆ ಬನ್ನಿ."

"ಇವಳದ್ಯಾಕೆ?"

"ವೈರಸ್ ಮನೆಯವರಿಗೂ ಅಂಟಿರಬಹುದು, ನೋಡ್ಬೇಕು."

ಜಸ್ಮೇಲ್ ಎದ್ದು ಹೋದಳು. ಅವನು ಹಚ್ಚೆ ಮುಚ್ಚುವಂತೆ ಅಂಗಿಯ ತೋಳು ಇಳಿಸಿದ. "ವಾಹೆಗುರು, ದೇವ್ರೇ, ಇವಳಿಗೆ ಬೇಡ" ಎಂದು ಗೊಣಗುತ್ತ ಹಿಂದೆಯೇ ಹೋದ.