ಕೈಯಲ್ಲಿ ವಾಚು, ಚೀಲದಲ್ಲಿ ಡಬ್ಬಿ

ಅಲ್ಲ ವೇದಾವತಿ, ನಾನೆಲ್ಲಿ ರಮಾಮಣಿಯ ಹೆಸರು ಹೇಳಿದೆ? ಭಜನೆಗೆ ಬಂದ ಹೆಂಗಸರು ಕೇಳಿದರು, ‘ಉಮಕ್ಕ, ವೇದಾವತಿಯ ಮಗ ಹಿತೇಶ್‌ನನ್ನು ಏರ್‌ಪೋರ್ಟಿನಲ್ಲಿ ಹಿಡಿದರಂತೆ, ಕಸ್ಟಮ್ಸಿನವರಿಗೆ ಸುದ್ದಿ ಕೊಟ್ಟದ್ದು ಯಾರು?’ ಅಂತ. ನಾನು ಅಂದದ್ದು ಇಷ್ಟೇ, ‘ಮೂರನೇ ಮಾಳಿಗೆಯಲ್ಲಿ ಯಾರಿಗೆ ಹೊಟ್ಟೆಯುರಿ ಉಂಟೋ ಅವರೇ.’ ಮೂರನೇ ಮಾಳಿಗೆಯಲ್ಲಿ ನಾಲ್ಕು ಮನೆ ಇಲ್ವಾ? ಒಂದು ಗುಜರಾತಿಗಳದ್ದು, ಒಂದು ಮರಾಠಿ ಮಾಸ್ತರರದ್ದು, ಒಂದಕ್ಕೆ ಬೀಗ... ಯಾಕೆ ನಗ್ತೀ? ಸರಿ, ಹೆಸರು ಹೇಳಿದ ಹಾಗೇ ಆಯ್ತು. ಆದರೆ ಹೇಳಲಿಲ್ಲ.

ಚಹಾ ಬೇಡ. ಇಟ್ಟಾಯ್ತಾ? ಹಾಗಾದರೆ ಅರ್ಧ ಕಪ್ಪು. ಸಕ್ಕರೆ ಹಾಕು, ನಮ್ಮ ಸೊಸೆಗೆ ಹೇಳಬೇಡ.

ರಮಾಮಣಿ ತನ್ನ ಅಕ್ಕನಿಗೆ, ಆ ಸಮಿತ್‌ನ ಅಮ್ಮನಿಗೆ, ಫೋನ್ ಮಾಡಿ ಅತ್ತಳಂತಲ್ಲ? ‘ನನ್ನನ್ನು ಚಾಡಿ ಹೇಳುವವಳು ಅಂದ ಬಿಲ್ಡಿಂಗಿನಿಂದ ಸಮಿತ್‌ಗೆ ಹೆಣ್ಣು ಬೇಡ’ ಅಂದಳಂತೆ. ನಿನ್ನ ಸಂಜನಾಳನ್ನು ಸಮಿತ್‌ಗೆ ತೋರಿಸಿದವಳೂ ಅವಳೇ, ಈಗ ಕಲ್ಲು ಹಾಕುವವಳೂ ಅವಳೇ. ಆದಿತ್ಯವಾರದ ನಿಶ್ಚಿತಾರ್ಥ ಮುಂದೆ ಹಾಕಿದ್ದಾರೆ ಅಂತ ಕೇಳಿದೆ. ಮುಂದೆ ಹಾಕುವುದು ಅಂದರೆ ಎಂತ ಅಂತ ನನಗೆ ಗೊತ್ತಿಲ್ವಾ? ಮದುವೆಯಾಗಿ ಬೊಂಬಾಯಿಯ ಈ ಠಾಕುರ್ಲಿಗೆ ಬಂದಾಗಿನಿಂದ ನೋಡ್ತಿದ್ದೇನೆ, ಮುಂದೆ ಹಾಕಿದ ನಿಶ್ಚಿತಾರ್ಥ ಒಂದಾದರೂ ನಡೆದದ್ದು... ಅಯ್ಯೊ, ಹಾಗಲ್ಲ. ನಿನ್ನ ಮಗಳದ್ದು ನಡೀತದೆ. ಮುಖ ಹಾಗೆ ಮಾಡಬೇಡ.

ಒಳಗೆ ಇದ್ದಾಳಾ ಅವಳು? ಬಾಗಿಲು ಹಾಕಿಕೊಂಡಿದ್ದಾಳೆ. ಊಟ ಮಾಡಿದಳಾ? ...ಮಾಡಲಿಲ್ಲ.

ಹಿತೇಶ್ ಎಂತ ಹೇಳಿದ? ಅಲ್ಲ, ಸುಮ್ಮನೆ ಕೇಳಿದೆ. ಒಳಗೆ ಕೂರಿಸಿ ಏನೇನು ಕೇಳಿದರಂತೆ, ಇವ ಎಂತ ಹೇಳಿದನಂತೆ... ನನ್ನ ವಿಷಯ ಏನಾದರೂ? ಇಲ್ಲ? ಏನೂ ಇಲ್ವಾ? ಒಳ್ಳೇ ಹುಡುಗ. ಮೊದಲಿನಿಂದಲೂ ಒಳ್ಳೇ ಹುಡುಗ ಅವ.

ನಿಜವಾಗಿ ಅವನದ್ದು ಎಂತ ತಪ್ಪು ಹೇಳು. ತಂಗಿಯ ಗಂಡನಾಗುವವನಿಗೆ ಒಂದು ವಾಚು ತಂದ. ಅದೇ ವಾಚನ್ನು ಇಲ್ಲಿ ಠಾಣೆ ಪೇಟೆಯ ಶಾಪಿಂಗ್ ಮಾಲಿನಲ್ಲಿ ಕೇಳಿದರೆ ಗಾಜಿನ ಹಿಂದಿನ ಹುಡುಗಿ ಹೇಳುವ ರೇಟಿಗೆ ನಮ್ಮ ಊರಲ್ಲಿ ಬಾವಿ ಸಮೇತ ಜಾಗ ಬರ್ತದೆ. ದುಬೈಯಲ್ಲಿ ಕಡಿಮೆ. ಯಾಕೆ ಕಡಿಮೆ? ಇಲ್ಲಿಗೆ ಬರುವಾಗ ಸರಕಾರ ತನ್ನ ಪಾಲು ಕಿತ್ತುಕೊಳ್ತದೆ, ಅಲ್ಲಿ ಅದಿಲ್ಲ. ಕ್ರಮದಲ್ಲಿ ತರುವುದಾದರೆ ಕೆಂಪು ದಾರಿಯಲ್ಲಿ ಹೋಗಿ, ‘ಸ್ವಾಮೀ, ಇಂಥದ್ದು ತಂದಿದ್ದೇನೆ’ ಅಂತ ತೋರಿಸಿ, ಬೆಲೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸುಂಕ ಕಟ್ಟಬೇಕು. ಕಟ್ಟಿದ ಮೇಲೆ ದುಬೈ ಎಂತಕ್ಕೆ, ಠಾಣೆ ಎಂತಕ್ಕೆ, ಎರಡೂ ಒಂದೇ. ಏನೂ ತಾರದವರು ಹಸಿರು ದಾರಿಯಲ್ಲಿ ಸೀದಾ. ಅದಕ್ಕೇ ಗಲ್ಫಿನ ಮಕ್ಕಳೆಲ್ಲ ವಾಚನ್ನು ಕೈಗೆ ಕಟ್ಟಿಕೊಂಡು, ‘ಹಳೇದು, ನನ್ನದೇ’ ಅಂತ ಹಸಿರು ದಾರಿ ಹಿಡಿಯುವುದು. ವಾಚಿನ ಡಬ್ಬಿ, ಬಿಲ್ಲು ಬೇರೆಯವರ ಚೀಲದಲ್ಲಿ. ಮುದುಕಿಯ ಚೀಲವಾದರೆ ಇನ್ನೂ ಒಳ್ಳೇದು. ಮುದುಕಿಯ ಚೀಲದಲ್ಲಿ ಎಂತ ಇರ್ತದೆ? ಮಾತ್ರೆ, ಖರ್ಜೂರ.

‘ದೊಡ್ಡಮ್ಮ, ಹೇಗೂ ನೀವೂ ಅದೇ ಫ್ಲೈಟಿನಲ್ಲಿ ಬರ್ತೀರಿ, ಡಬ್ಬಿ ಹಿಡ್ಕೊಳ್ತೀರಾ?’ ಅಂತ ಹಿತೇಶ್ ಕೇಳಿದ, ನಾನು ದುಬೈಯಲ್ಲಿ ಮಗಳ ಮನೆಯಲ್ಲಿರುವಾಗ. ನಾನು ಬೇಡ ಅನ್ಲಿಕ್ಕುಂಟಾ? ಮಗಳಿಗೆ ಹೇಳಿ ವೀಲ್‌ಚೇರ್ ಬೇರೆ ಬರೆಸಿದೆ. ಕಾಲು ಗಟ್ಟಿ ಉಂಟು, ಲಿಫ್ಟ್ ಕೆಟ್ಟಾಗ ನಿನಗಿಂತ ಮೊದಲು ಮೇಲೆ ಮುಟ್ಟುವವಳು ನಾನೇ. ಆದರೆ ವೀಲ್‌ಚೇರಿನಲ್ಲಿ ಕೂತವಳಿಗೆ ಲೈನಿಲ್ಲ. ಎಲ್ಲರೂ ದಾರಿ ಬಿಡ್ತಾರೆ, ದೇವರನ್ನು ಹೊತ್ತುಕೊಂಡು ಹೋಗುವ ಹಾಗೆ.

ಇಲ್ಲಿ ಇಳಿದ ಮೇಲೆ ತಳ್ಳಲಿಕ್ಕೆ ಸಿಕ್ಕಿದವ ಚಂದ್ರಾಮ ಅಂತ. ಕಲಬುರಗಿ ಕಡೆಯವ. ‘ಯಾವೂರ್ರಿ ಅಮ್ಮಾರ?’ ಅಂದ. ವೇದಾ, ಎರಡು ತಿಂಗಳು ಮಗಳ ಮನೆಯಲ್ಲಿ ಬಾಯಿಗೆ ತುಕ್ಕು ಹಿಡಿದಿತ್ತು. ಅವಳಿಗೆ ಆಫೀಸು, ಅಳಿಯನಿಗೆ ಲ್ಯಾಪ್‌ಟಾಪು, ಮೊಮ್ಮಗುವಿಗೆ ಇಂಗ್ಲಿಷು. ಒಬ್ಬ ಕನ್ನಡದಲ್ಲಿ ‘ಯಾವೂರು’ ಅಂತ ಕೇಳಿದ್ದೇ ನನಗೆ... ಎಂತೆಂತದೋ ಮಾತಾಡಿದೆ. ಎಂತದೂ ಇಲ್ಲ ಮಾರಾಯ್ತಿ, ಸುಮ್ಮನೆ ಊರಿನ ವಿಷಯ. ಮಳೆ, ಮೀನು.

ಆಮೇಲೆ ನಾನು ಸೀದಾ ಹೊರಗೆ. ಹಿತೇಶ್ ಹಿಂದೆ ಎಲ್ಲೋ ಇದ್ದ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹಾಗೆ ನಡೆಯುವುದು ಅಂತ ಮಾತಾಗಿತ್ತು. ಹೊರಗೆ ಚಹಾ ಕುಡಿದೆ, ನಮ್ಮ ಮಗ ಬಂದ, ಟ್ಯಾಕ್ಸಿ ಹತ್ತಿದೆ. ಒಳಗೆ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ನಾಲಿಗೆ ಉದ್ದ ಇರುವುದು ರಮಾಮಣಿಗೆ. ಹಿತೇಶ್ ಯಾವಾಗ ಬರ್ತಾನೆ, ಯಾವ ಫ್ಲೈಟು ಅಂತ ಲಿಫ್ಟಿನಲ್ಲಿ ನಿಲ್ಲಿಸಿ ಕೇಳಿದಳು ಅಂತ ನೀನೇ ಫೋನಿನಲ್ಲಿ ಹೇಳಿದ್ದಲ್ವಾ? ಯಾಕೆ ಬೇಕಿತ್ತು ಅವಳಿಗೆ ಫ್ಲೈಟು?

ಪಾಪ, ಹುಡುಗ. ಆ ಆಫೀಸರ್ ‘ವಾಚು ಬಿಚ್ಚಿ’ ಅಂದ. ಬಿಚ್ಚಿದರೆ ಅಡಿಯಲ್ಲಿ ಬಿಳಿ ಗುರುತೇ ಇಲ್ಲ. ಹಳೇ ವಾಚಾದರೆ ದುಬೈಯ ಬಿಸಿಲಿಗೆ ಅಷ್ಟು ಜಾಗ ಬಿಳಿಚಿಕೊಂಡಿರಬೇಡವಾ? ಅವ ಇವನ ಕೈ ಹಿಡಿದು ತಿರುಗಿಸಿ ತಿರುಗಿಸಿ...

ಎಂತ?

ಇಲ್ಲ, ಕಂಡದ್ದಲ್ಲ. ಕೇಳಿದ್ದು. ಯಾರೋ ಹೇಳಿದರು. ಚಂದ್ರಾಮ ಹೇಳಿದ. ನಂಬರ್ ಕೊಟ್ಟಿದ್ದೆ, ಆಮೇಲೆ ಫೋನ್ ಮಾಡಿದ್ದ... ಮುದುಕಿ ಮುಟ್ಟಿದಳಾ ಅಂತ ಕೇಳಲಿಕ್ಕೆ. ಹಾಗೆ ನೋಡಬೇಡ ಮಾರಾಯ್ತಿ, ಚಹಾ ಕುಡಿಯಲಿಕ್ಕೆ ಬಿಡು.

ಡಬ್ಬಿಯಾ?

ಡಬ್ಬಿ... ಭದ್ರ ಉಂಟು. ನನ್ನ ಕಪಾಟಿನಲ್ಲಿ. ಇವತ್ತೇ ತರುತ್ತಿದ್ದೆ, ಕೀ ನಮ್ಮ ಸೊಸೆಯ ಪರ್ಸಿನಲ್ಲಿ ಹೋಗಿದೆ, ಅವಳು ರಬಾಳೆಯ ಆಫೀಸಿನಿಂದ ಬರುವಾಗ ರಾತ್ರಿ ಆಗ್ತದೆ. ನಾಳೆ ಕೊಡ್ತೇನೆ. ನಿನ್ನೆ ವಾಚು ಬಿಡಿಸಿಕೊಂಡು ಬಂದಿರಂತೆ, ಒಳ್ಳೇದಾಯ್ತು. ಸುಂಕ, ಸುಂಕದ ಮೇಲೆ ದಂಡ, ಬಿಡಿಸಿಕೊಳ್ಳಲಿಕ್ಕೆ ಮತ್ತೆ ಬೇರೆ. ಆ ಮಾಲಿನ ಹುಡುಗಿಯ ಹತ್ತಿರವೇ ತೆಗೆದುಕೊಂಡಿದ್ದರೆ ಒಂದು ತಂಪು ಪಾನೀಯವಾದರೂ ಕೊಡುತ್ತಿದ್ದಳು.

ನಗಲಿಕ್ಕೆ ಹೇಳಿದ್ದು. ಎಲ್ಲಿಗೆ ಎದ್ದೆ? ಸಾಕು, ತಿಂಡಿ ಬೇಡ. ವೇದಾ...

ಅದೆಂತ ಕೈಯಲ್ಲಿ?

...ಇದು ನನ್ನ ಸೀರೆಯ ತುಂಡು. ಹಸಿರು, ಕೆಂಪು ಅಂಚು. ಡಬ್ಬಿಗೆ ಗೀರು ಬೀಳಬಾರದು ಅಂತ ಹಳೇ ಸೀರೆ ಹರಿದು ನಾನೇ ಸುತ್ತಿದ್ದು. ಡಬ್ಬಿಯ ಜೊತೆ ಇದನ್ನೂ ಕೊಟ್ಟರಾ ಕಸ್ಟಮ್ಸಿನವರು? ಒಗೆದಿದ್ದೀ. ಇಸ್ತ್ರಿ ಬೇರೆ ಹಾಕಿದ್ದೀ.

ನಿನ್ನೆಯಿಂದ ಗೊತ್ತುಂಟು ನಿನಗೆ. ನಾನು ಕಪಾಟು, ಕೀ, ರಬಾಳೆ ಅಂತೆಲ್ಲ ಹೇಳುವಾಗ ನೀನು ಕೂತು ಕೇಳಿಸಿಕೊಂಡೆ. ಬೈ ಮಾರಾಯ್ತಿ. ಏನಾದರೂ ಒಂದು ಹೇಳು.

ಸರಿ, ನಾನೇ ಹೇಳ್ತೇನೆ.

ಕನ್ನಡದಲ್ಲಿ ಅಲ್ವಾ ಅಂತಲೇ ಬಾಯಿ ಬಿಟ್ಟದ್ದು ನಾನು. ಬೊಂಬಾಯಿಯ ಏರ್‌ಪೋರ್ಟಿನಲ್ಲಿ ಕನ್ನಡ ಯಾರಿಗೆ ಅರ್ಥ ಆಗ್ತದೆ? ಇಷ್ಟು ವರ್ಷ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಎದುರು ಕೂತವಳ ಮೂಗುತಿಯಿಂದ ಹಿಡಿದು ಅವಳ ಸೊಸೆಯ ತನಕ ನಾವು ಕನ್ನಡದಲ್ಲೇ ಆಡಿಕೊಳ್ಳಲಿಲ್ವಾ? ಒಬ್ಬಳಾದರೂ ತಿರುಗಿ ನೋಡಿದ್ದುಂಟಾ? ತುಳುವಿನಲ್ಲಿ ಹೇಳಿದ್ದರೆ ಬದುಕುತ್ತಿದ್ದೆ, ಆದರೆ ಚಂದ್ರಾಮನಿಗೆ ತುಳು ಬರುವುದಿಲ್ಲ. ‘ಅಗೋ, ಆ ನೀಲಿ ಶರ್ಟಿನವ ನಮ್ಮ ಹುಡುಗ. ತಂಗಿಯ ಗಂಡನಿಗೆ ತಂದ ವಾಚನ್ನು ಗಮ್ಮತ್ತಿನಲ್ಲಿ ಕೈಗೆ ಕಟ್ಟಿಕೊಂಡು ಹೋಗ್ತಾನೆ ನೋಡು. ಡಬ್ಬಿ ನನ್ನ ಮಡಿಲಿನ ಚೀಲದಲ್ಲಿ ಉಂಟು’ ಅಂದೆ. ಚಂದ್ರಾಮ ಒಮ್ಮೆಲೇ ಮಾತು ನಿಲ್ಲಿಸಿದ. ನನಗೆ ಗೊತ್ತಾಗಲಿಲ್ಲ, ನಾನು ಮಾತಾಡ್ತಾನೇ ಇದ್ದೆ. ಹಿಂದಿನಿಂದ ಬಿಳಿ ಯೂನಿಫಾರ್ಮಿನ ಕಸ್ಟಮ್ಸ್ ಆಫೀಸರ್ ಬಗ್ಗಿ, ‘ಅಜ್ಜಿ, ಆ ಡಬ್ಬಿ ನಮಗೂ ಸ್ವಲ್ಪ ತೋರಸ್ರಿ’ ಅಂದ. ವಿಜಯಪುರದವನಂತೆ. ಎಷ್ಟು ಮರ್ಯಾದೆಯಿಂದ ಕೇಳಿದ ಗೊತ್ತುಂಟಾ.

ನಾನೇ ತೆಗೆದು ಕೊಟ್ಟೆ.

ಅಷ್ಟೇ ಆಗಿದ್ದರೆ ನಿನಗೆ ಅವತ್ತೇ ಬಂದು ಹೇಳುತ್ತಿದ್ದೆ, ಸತ್ಯವಾಗಿ. ಆದರೆ ನಿನ್ನ ಮಗ ಇದ್ದಾನಲ್ಲ... ಅಷ್ಟು ದೂರದಿಂದ ಓಡಿ ಬಂದ. ‘ಈ ಅಜ್ಜಿಗೆ ಏನೂ ಗೊತ್ತಿಲ್ಲ ಸರ್. ಸ್ವೀಟು ಅಂತ ಸುಳ್ಳು ಹೇಳಿ ನಾನೇ ಅವರ ಚೀಲಕ್ಕೆ ಹಾಕಿದ್ದು. ಅವರನ್ನು ಬಿಟ್ಟುಬಿಡಿ’ ಅಂದ. ಆಫೀಸರ್ ನನ್ನ ಮುಖ ನೋಡಿದ. ‘ಹೌದೇನ್ರಿ ಅಜ್ಜಿ?’ ಅಂತ ಕೇಳಿದ. ಈಗಷ್ಟೇ ಎಲ್ಲ ಅವನ ಕಿವಿಗೆ ಹಾಕಿದವಳು ನಾನು. ಅವನಿಗೂ ಗೊತ್ತು, ಹಿತೇಶ್‌ಗೂ ಗೊತ್ತು, ಚಂದ್ರಾಮನಿಗೂ ಗೊತ್ತು. ನಾನು ತಲೆ ಆಡಿಸಿದೆ. ಹೌದು ಅಂತ. ಮುದುಕಿಗೂ ಮೋಸ ಮಾಡಿದ ಅನ್ನುವುದೊಂದು ಹಿತೇಶ್‌ನ ಲೆಕ್ಕಕ್ಕೆ ಸೇರಿತು. ನನ್ನೆದುರೇ ಅವನ ವಾಚು ಬಿಚ್ಚಿಸಿದರು. ವೀಲ್‌ಚೇರಿನಿಂದ ಎದ್ದು, ನಡೆದುಕೊಂಡೇ ಹೊರಗೆ ಬಂದೆ ವೇದಾ. ಚಂದ್ರಾಮ ಖಾಲಿ ಕುರ್ಚಿ ಹಿಡಿದು ನೋಡ್ತಾ ನಿಂತಿದ್ದ. ಚಹಾವೂ ಇಲ್ಲ, ಎಂತದೂ ಇಲ್ಲ. ಹಿಂದೆ ತಿರುಗಿ ಸಹ ನೋಡಲಿಲ್ಲ.

ಭಜನೆಯಲ್ಲಿ ಕೇಳಿದರಲ್ಲ, ಯಾರು ಸುದ್ದಿ ಕೊಟ್ಟದ್ದು ಅಂತ. ನನ್ನ ಹೆಸರು ಬರುವ ಮೊದಲು ಒಂದು ಹೆಸರು ಬೇಕಿತ್ತು. ರಮಾಮಣಿ ಅವತ್ತು ಬಂದಿರಲಿಲ್ಲ, ಅಷ್ಟೇ.

ಹಿತೇಶ್ ಎಂತ ಅಂದ, ಈಗಾದರೂ ಹೇಳು. ‘ದೊಡ್ಡಮ್ಮನ ಹತ್ತಿರ ಏನೂ ಕೇಳಬೇಡಿ’ ಅಂದನಾ? ...ಅಂದ. ಅದಕ್ಕೇ ನೀನು ಕೇಳಲಿಲ್ಲ.

ಸಂಜನಾ ಅಳ್ತಿದ್ದಾಳೆ ಒಳಗೆ. ಕೇಳ್ತದೆ ನನಗೆ. ಕಿವಿ ಇನ್ನೂ ಚೆನ್ನಾಗಿದೆ.

ಕೊಡು ಆ ಬಟ್ಟೆ. ರಮಾಮಣಿ ಈ ಹೊತ್ತಿಗೆ ಮನೆಯಲ್ಲಿರ್ತಾಳಲ್ಲ? ಹೋಗ್ತೇನೆ. ಲಿಫ್ಟ್ ಬೇಡ, ಮೆಟ್ಟಿಲು ಹತ್ತಿಯೇ ಹೋಗ್ತೇನೆ. ಆದಿತ್ಯವಾರಕ್ಕೆ ಇನ್ನೂ ಸಮಯ ಉಂಟು, ಅವಳ ಅಕ್ಕನಿಗೆ ನನ್ನೆದುರೇ ಫೋನ್ ಮಾಡಲಿ, ನಾನೇ ಮಾತಾಡ್ತೇನೆ. ನೀನು ಏಳಬೇಡ, ಕೂತ್ಕೋ.

...ಇಲ್ಲ, ಬಾ. ನೀನೂ ಬಾ ವೇದಾ. ನಾನೊಬ್ಬಳೇ ಹೋದರೆ, ಅವಳು ಬಾಗಿಲು ತೆಗೆಯುವಷ್ಟರಲ್ಲಿ ಬೇರೆಯೇ ಏನಾದರೂ ಹೇಳಿಬಿಡ್ತೇನೆ.