ಹದಿನೈದನೆಯ ಅಂಕಿ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಅವರ ಮೊಮ್ಮಗಳು ಕೂತಿದ್ದರು. ಅಜ್ಜಿಯ ಕಣ್ಣು ಫೋನಿನ ಮೇಲಿತ್ತು.

“ನೀನು ಕಳಿಸಿದ ಫೋಟೋದಲ್ಲಿ ಬರೀ ಮರಳು ಚೆಲ್ಲಿದ ಹಾಗೆ ಚುಕ್ಕಿ ಕಾಣುತ್ತಲ್ಲೇ.”

“ಬೀಗ ಹಾಕಿದ್ದೀನಿ ಅಜ್ಜಿ. ನಾನು ಕೊಟ್ಟ ಹದಿನೈದು ಅಂಕಿ ಒತ್ತಿದ್ರಾ?”

“ಒತ್ತಿದೆ. ಕೊನೇದು ಒಂದೋ ಏಳೋ ಗೊತ್ತಾಗ್ಲಿಲ್ಲ, ಒಂದು ಅಂತ ಹಾಕ್ದೆ. ಅಷ್ಟಕ್ಕೇ ಫೋಟೋಗೆ ಇಷ್ಟು ಮುನಿಸಾ?”

“ಫೋಟೋದ ಚುಕ್ಕಿಗಳನ್ನ ಕಲಸೋ ಲೆಕ್ಕ ಆ ಸಂಖ್ಯೆಯಿಂದಲೇ ಶುರು. ಕೂದಲೆಳೆಯಷ್ಟು ತಪ್ಪಿದ್ರೂ ಎಲ್ಲಾ ದಿಕ್ಕಾಪಾಲು. ಏಳು ಒತ್ತಿ.”

“ಅಯ್ಯೋ, ಪುಟ್ಟ ಕೈ! ಮಗುವೇನೇ?”

“ಹೂಂ. ಹೋದ ಸಲ ಊರಿಗೆಲ್ಲ ಹೇಳಿ ಆಮೇಲೆ ಅಳೋ ಹಾಗಾಯ್ತಲ್ಲ, ಅದಕ್ಕೇ ಬೀಗ. ಈಗ ಮೂರು ತಿಂಗಳು ತುಂಬ್ತು. ಸ್ಕ್ಯಾನ್ ಮಾಡಿ ಎಲ್ಲಾ ಸರಿಯಿದೆ ಅಂದ್ರು ಡಾಕ್ಟರು.”

“ಹಾಗಾದ್ರೆ ಇನ್ನು ತೋರಿಸ್ಬಹುದಾ?”

“ತೋರಿಸಿ.”

ಬಸ್ಸು ಬಂತು. ಮೊಮ್ಮಗಳ ಕೈ ಹಿಡಿದು ಹತ್ತಿದ ಅಜ್ಜಿ, ಟಿಕೆಟ್ ಕೇಳಿದ ಕಂಡಕ್ಟರನಿಗೆ ಮೊದಲು ಫೋನು ತೋರಿಸಿದರು.