ಆಕ್ಷೇಪಣೆ ಪತ್ರದ ಹನ್ನೆರಡು ಪ್ರತಿ

ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯವನ ಕೈ ಯಂತ್ರದ ಮೇಲಿದ್ದರೂ ಕಿವಿ ಮಾತ್ರ ಕೌಂಟರಿನಾಚೆಗೇ ಇತ್ತು. ಪಠ್ಯಕ್ರಮ ಸಮಿತಿಯ ಹಿರಿಯ ಮೇಡಂ ತಮ್ಮ ಆಕ್ಷೇಪಣೆ ಪತ್ರಕ್ಕೆ ಹನ್ನೆರಡು ಪ್ರತಿ ಮಾಡಿಸುತ್ತಿದ್ದರು. ಜೊತೆಗೆ ಗಣಿತದ ಮೇಷ್ಟ್ರಿದ್ದರು.

“ಕಂಪನಿ ಜೊತೆ ಸೇರಿ ಹೊಸ ಕೋರ್ಸು, ಅದೂ ಸಮಿತಿ ಮುಂದೆ ಇಡದೇನೇ! ನಾವೇನು ಕುರ್ಚಿ ಬಿಸಿ ಮಾಡೋಕೆ ಕೂತಿದೀವಾ?”

“ಮಾತು ಸರಿ ಮೇಡಂ. ಆದ್ರೆ ಕೋರ್ಸು ಬರೆದಿರೋದು ನಿಮ್ಮ ಶಿಷ್ಯೇನೇ ಅಲ್ವಾ?”

“ಅದಕ್ಕೇ ಹೇಳೋದು, ಗುರುವಿಗೇ ತಿರುಮಂತ್ರ ಹಾಕಿದ್ಲು ಅಂತ. ಅವಳ ಥೀಸಿಸ್ಸಿನ ಕಾಮಾ, ಫುಲ್‌ಸ್ಟಾಪು ತಿದ್ದಿದವಳು ನಾನು!”

“ಕೋರ್ಸು ಚೆನ್ನಾಗಿದೆಯಂತೆ.”

“ಚೆನ್ನಾಗಿರದೆ ಏನು? ಅರ್ಧ ನನ್ನ ನೋಟ್ಸೇ.”

“ಪತ್ರದಲ್ಲಿ ಅದನ್ನೇ ಬರೀಬಹುದಿತ್ತಲ್ಲ?”

“ಬರೆದ್ರೆ ಹೊಟ್ಟೆಕಿಚ್ಚು ಅಂತಾರೆ. ಅದಕ್ಕೇ ನಿಯಮದ ಮಾತಷ್ಟೇ ಬರೆದಿದೀನಿ.”

ಯಂತ್ರ ಕೊನೆಯ ಹಾಳೆಯನ್ನು ಉಗುಳಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಂಪನಿಯವರು ಕೋರ್ಸು ಬರೆಯೋಕೆ ನಿಮ್ಮನ್ನೇ ಕೇಳಿದ್ದಿದ್ರೆ, ಸಮಿತಿ ಮುಂದೆ ಇಡ್ತಿದ್ರಾ?”

ಮೇಡಂ ಬಿಸಿಬಿಸಿ ಪ್ರತಿಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಅಂಗಡಿಯವನಿಗೆ ಕೇಳಿಸಿದ್ದು ಇಷ್ಟೇ:

“ನಾನು ಬರೆದಿದ್ದನ್ನ ತಿದ್ದೋರು ಆ ಸಮಿತೀಲಿ ಯಾರಿದ್ದಾರೆ, ಮೇಷ್ಟ್ರೇ?”